ಸಂವಹನ ತಂತ್ರಜ್ಞಾನ ಶಿಕ್ಷಣ, ಚಿಕ್ಕೋಡಿ ಸೀಮೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಮಕ್ಕಳಿಗೆ ಸಂವಹನ ತಂತ್ರಜ್ಞಾನ ವಿದ್ಯೆಯ ಹತ್ತಿರದ ದಾರಿ ಎಸ್ಸೆಸ್ಸೆಲ್ಸಿ ನಂತರದ ಮೂರು ವರ್ಷಗಳ ಡಿಪ್ಲೊಮಾ, ಅಲ್ಲಿಂದ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. 1916ರಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ ಚಿಕ್ಕೋಡಿಯಲ್ಲಿ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜು ಎರಡನ್ನೂ ನಡೆಸುತ್ತದೆ.

ಬ್ರಾಡ್‌ಬ್ಯಾಂಡ್‌ ಈ ವಿದ್ಯೆಯ ಒಂದು ಭಾಗ, ಅದರ ಕಲಿಕೆಯ ತಿರುಳು ಆಪ್ಟಿಕಲ್ ಫೈಬರ್. ಕೂದಲಿನಷ್ಟು ತೆಳುವಾದ ಈ ಗಾಜಿನ ಎಳೆಯಲ್ಲಿ 1550 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಿಲೊಮೀಟರಿಗೆ ಸುಮಾರು 0.2 ಡೆಸಿಬೆಲ್‌ನಷ್ಟೇ ಕ್ಷೀಣಿಸುತ್ತದೆ. ತುಂಡಾದ ಎಳೆಗಳನ್ನು ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್ ಪುಸ್ತಕದಿಂದ ಬರುವಂಥದ್ದಲ್ಲ, ಕೈ ಪಳಗಲೇಬೇಕು. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ಫೈಬರನ್ನು ಗ್ರಾಮ ಪಂಚಾಯಿತಿಗಳಿಗೆ ಒಯ್ಯುತ್ತಿರುವಾಗ ಇಂಥ ಪಳಗಿದ ಕೈಗಳು ನಗರಕ್ಕಿಂತ ಹಳ್ಳಿಗೇ ಹೆಚ್ಚು ಬೇಕು. ರಸ್ತೆ ಅಗೆತಕ್ಕೆ ಸಿಕ್ಕಿ ಕೇಬಲ್ ಕಡಿದರೆ ಪಂಚಾಯಿತಿಯ ಆನ್‌ಲೈನ್ ಕೆಲಸವೇ ನಿಲ್ಲುತ್ತದೆ.