ಮೊಲಕ್ಕೆ ಎರಡು ಸೂಜಿ, ಏಡಿಯ ನೀಲಿ ನೆತ್ತರು

ಸೋಂಕು ಮೈಗೆಲ್ಲ ಏರಿದ ರೋಗಿಯ ನೆತ್ತರು ಏಕಕಾಲಕ್ಕೆ ಎರಡು ವಿರುದ್ಧ ಕೆಲಸ ಮಾಡುತ್ತದೆ. ಕಾಲ್ಬೆರಳ ತುದಿಯಲ್ಲಿ, ಮೂತ್ರಪಿಂಡದ ಕೂದಲೆಳೆಯಂಥ ನಾಳಗಳಲ್ಲಿ, ಬೇಡದ ಕಡೆಯೆಲ್ಲ ಹೆಪ್ಪುಗಟ್ಟುತ್ತದೆ. ಸೂಜಿ ಚುಚ್ಚಿದ ಜಾಗದಲ್ಲಿ, ಒಸಡಿನಲ್ಲಿ, ಹೆಪ್ಪುಗಟ್ಟಲೇಬೇಕಾದ ಕಡೆ ಸುಮ್ಮನೆ ಜಿನುಗುತ್ತಿರುತ್ತದೆ. ವಾರ್ಡಿನಲ್ಲಿ ಇದಕ್ಕೆ ಡಿಐಸಿ ಅನ್ನುತ್ತೇವೆ. ಲೆಕ್ಕ ಸರಳ: ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್, ಫೈಬ್ರಿನೋಜೆನ್ ಎಲ್ಲವೂ ಒಳಗೇ ಖರ್ಚಾಗಿ ಹೋಗಿ, ಹೊರಗೆ ಬೇಕಾದಾಗ ದಾಸ್ತಾನು ಖಾಲಿ. ಆದರೆ ಈ ಸರಳ ಲೆಕ್ಕ ಕಂಡುಕೊಳ್ಳುವುದಕ್ಕೆ ವೈದ್ಯಲೋಕಕ್ಕೆ ಅರ್ಧ ಶತಮಾನ ಹಿಡಿಯಿತು. ನನ್ನ ನೌಕರಿಯೆಲ್ಲ ಮೈಸೂರು ಸೀಮೆಯ ಒಂದು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲೇ ಕಳೆದದ್ದರಿಂದ ಈ ಕಥೆಯ ಮೇಲೆ ನನಗೆ ಒಂದು ಬಗೆಯ ಹಕ್ಕಿದೆ ಅಂದುಕೊಂಡಿದ್ದೇನೆ.

1911ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ವೈದ್ಯ ರೂಪರ್ಟ್ ವಾಟರ್‌ಹೌಸ್ ಒಂದು ಎಳೆ ಮಗುವಿನ ಸಾವನ್ನು ವರದಿ ಮಾಡಿದರು. ಜ್ವರ ಬಂದು ದಿನ ತುಂಬುವುದರೊಳಗೆ ಮೈತುಂಬ ನೇರಳೆ ಮಚ್ಚೆಯೆದ್ದು ಮಗು ಹೋಗಿತ್ತು. ಶವಪರೀಕ್ಷೆಯಲ್ಲಿ ಕಂಡದ್ದು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂರುವ ಎರಡು ಅಡ್ರಿನಲ್ ಗ್ರಂಥಿಗಳೂ ರಕ್ತ ತುಂಬಿ ಊದಿಕೊಂಡಿದ್ದವು. ಡೆನ್ಮಾರ್ಕಿನ ಮಕ್ಕಳ ವೈದ್ಯ ಕಾರ್ಲ್ ಫ್ರಿಡರಿಕ್ಸನ್ 1918ರಲ್ಲಿ ಇಂಥವೇ ಪ್ರಕರಣಗಳನ್ನು ಒಟ್ಟುಗೂಡಿಸಿದರು. ಇಬ್ಬರ ಹೆಸರೂ ಸೇರಿ ಕಾಯಿಲೆಗೆ ಅಂಟಿಕೊಂಡಿತು. ಬಹುಮಟ್ಟಿಗೆ ಇದರ ಹಿಂದಿರುವುದು ಮೆನಿಂಗೋಕಾಕಸ್ ಎಂಬ, ಮಿದುಳಿನ ಪೊರೆಗೆ ಸೋಂಕು ತರುವ ಬ್ಯಾಕ್ಟೀರಿಯಾ.

ಎಲ್ಲರ ಕಣ್ಣೂ ಆ ಗ್ರಂಥಿಯ ಮೇಲೇ ನೆಟ್ಟಿತು. ಗ್ರಂಥಿ ಕೈಕೊಟ್ಟಿತು, ಅದಕ್ಕೇ ಮಗು ಹೋಯಿತು ಎಂದು ತೀರ್ಮಾನ. 1948ರ ನಂತರ, ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸೋನ್ ಕೈಗೆ ಬಂದ ಮೇಲೆ ಈ ಮಕ್ಕಳಿಗೆ ಅದನ್ನೂ ಕೊಟ್ಟು ನೋಡಿದರು. ಗ್ರಂಥಿ ನಿಜಕ್ಕೂ ಒಂದು ಸಾಕ್ಷಿ ಮಾತ್ರ. ಮೈಯ ನಾಳಗಳಲ್ಲೆಲ್ಲ ಆಗುತ್ತಿದ್ದುದೇ ಅಲ್ಲೂ ಆಗಿತ್ತು, ಶವದ ಮೇಜಿನ ಮೇಲೆ ಅದು ಎದ್ದು ಕಂಡಿತು ಅಷ್ಟೆ. ನಾವು ರೋಗಶಾಸ್ತ್ರದವರಿಗೆ ಕಣ್ಣಿಗೆ ಬಿದ್ದದ್ದನ್ನೇ ಕಾರಣ ಎಂದುಬಿಡುವ ಚಾಳಿ ಹಳೆಯದು.

ಕಥೆಯ ಇನ್ನೊಂದು ಎಳೆ ಮೊಲಗಳದ್ದು. ಅದಕ್ಕೂ ಮೊದಲು, 1892ರ ಹೊತ್ತಿಗೆ ಬರ್ಲಿನ್ನಿನಲ್ಲಿ ಬ್ಯಾಕ್ಟೀರಿಯಾ ವಿಜ್ಞಾನಿ ಕಾಖ್‌ರ ಶಿಷ್ಯ ರಿಚರ್ಡ್ ಫೈಫರ್ ಕಾಲರಾ ಬ್ಯಾಕ್ಟೀರಿಯಾವನ್ನು ಬಿಸಿಮಾಡಿ ಕೊಂದು, ಆ ಹೆಣಗಳನ್ನೇ ಗಿನಿಯಿಲಿಗಳಿಗೆ ಚುಚ್ಚಿದ್ದರು. ಇಲಿಗಳು ಸತ್ತವು. ಅಂದರೆ ವಿಷ ಬ್ಯಾಕ್ಟೀರಿಯಾದ ಮೈಯಲ್ಲೇ ಇದೆ, ಅದು ಸತ್ತರೂ ವಿಷ ಸಾಯದು. ಎಂಡೋಟಾಕ್ಸಿನ್ ಎಂಬ ಹೆಸರು ಬಂದದ್ದು ಹಾಗೆ. ಇದೇ ಫೈಫರ್ 1897ರಲ್ಲಿ ಜರ್ಮನ್ ಪ್ಲೇಗ್ ಆಯೋಗದೊಂದಿಗೆ ಬೊಂಬಾಯಿಗೂ ಬಂದು ಹೋದರು. ಮರುವರ್ಷ ಬೆಂಗಳೂರಿಗೂ ಪ್ಲೇಗ್ ಬಂತು. ಪ್ಲೇಗಿನ ಬ್ಯಾಕ್ಟೀರಿಯಾದ ಹೊರಪದರದಲ್ಲೂ ಇದೇ ಜಾತಿಯ ವಿಷವಿದೆ. ಅದು ನೆತ್ತರಿಗೇ ಏರಿದಾಗ ಚರ್ಮದಡಿ ರಕ್ತ ಸೋರುವುದೂ ಬೆರಳ ತುದಿ ಕಪ್ಪಾಗುವುದೂ ಉಂಟು. ನಮ್ಮ ಊರುಗಳಲ್ಲಿ ಪ್ಲೇಗಮ್ಮನಿಗೆ ಗುಡಿ ಕಟ್ಟಿದವರ ಕಣ್ಣಿಗೂ ಅದು ಬಿದ್ದಿರಬೇಕು.

1924ರಲ್ಲಿ ಇಟಲಿಯ ಜ್ಯುಸೆಪ್ಪೆ ಸನರೆಲ್ಲಿ ಮೊಲದ ರಕ್ತನಾಳಕ್ಕೆ ಸ್ವಲ್ಪವೇ ಕಾಲರಾ ಬ್ಯಾಕ್ಟೀರಿಯಾ ಚುಚ್ಚಿದರು. ಏನೂ ಆಗಲಿಲ್ಲ. ಮರುದಿನ ಮತ್ತೊಂದು ಸೂಜಿ ಕೊಟ್ಟರು. ಮೊಲ ಸತ್ತಿತು. 1928ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಗ್ರೆಗರಿ ಶ್ವಾರ್ಟ್ಸ್‌ಮನ್ ಇದನ್ನೇ ಬೇರೆ ರೀತಿಯಲ್ಲಿ ಕಂಡರು. ಬ್ಯಾಕ್ಟೀರಿಯಾ ಬೆಳೆಸಿ ಸೋಸಿದ ನೀರನ್ನು ಮೊದಲು ಚರ್ಮಕ್ಕೆ, ಮರುದಿನ ನಾಳಕ್ಕೆ ಚುಚ್ಚಿದರೆ, ಕೆಲವೇ ಗಂಟೆಗಳಲ್ಲಿ ಹಿಂದಿನ ದಿನ ಚುಚ್ಚಿದ್ದ ಚರ್ಮದ ತುಂಡು ಕಪ್ಪಾಗಿ ಸಾಯುತ್ತದೆ. ಎರಡನೆಯ ಸೂಜಿ ಹೋದದ್ದು ಕಿವಿಯ ನಾಳಕ್ಕೆ, ಸತ್ತದ್ದು ಹೊಟ್ಟೆಯ ಮೇಲಿನ ಚರ್ಮ! ಇದು ಏಕೆಂದು ಯಾರಿಗೂ ಅರ್ಥವಾಗಲಿಲ್ಲ.

ಒಗಟು ಅರ್ಧ ಬಿಡಿಸಿದವರು ಮಿನ್ನೆಸೋಟದ ತರುಣರು. ಅವರಲ್ಲೊಬ್ಬರು ಲೂಯಿಸ್ ಥಾಮಸ್, ಮುಂದೆ ವಿಜ್ಞಾನ ಪ್ರಬಂಧಕಾರರೆಂದು ಹೆಸರಾದವರು. ಇನ್ನೊಬ್ಬರು ರಾಬರ್ಟ್ ಗುಡ್. ನೈಟ್ರೋಜನ್ ಮಸ್ಟರ್ಡ್ ಕೊಟ್ಟು ಮೊಲದ ಬಿಳಿರಕ್ತಕಣಗಳನ್ನು ಇಳಿಸಿಬಿಟ್ಟರೆ ಎರಡನೆಯ ಸೂಜಿಗೆ ಚರ್ಮ ಕಪ್ಪಾಗುವುದಿಲ್ಲ ಎಂದು 1951ರಲ್ಲಿ ಕಂಡುಬಂತು. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟರೂ ಅನಾಹುತ ತಪ್ಪುತ್ತದೆ ಎಂಬುದು 1953ರಲ್ಲಿ ಗೊತ್ತಾಯಿತು. ಈ ಎರಡು ಪ್ರಯೋಗ ಒಟ್ಟಿಗೆ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ವಿಷ ಹೊರಗಿನದಾದರೂ ಕೈ ಮಾಡುವುದು ನಮ್ಮದೇ ಕಣಗಳು. ನಾಳದೊಳಗೆ ಹೆಪ್ಪುಗಟ್ಟಿಸುತ್ತಿರುವುದು ಮೈಯೇ.

ಇಲ್ಲಿಂದ ಕಥೆ ಸಮುದ್ರದಂಡೆಗೆ ಹೋಗುತ್ತದೆ. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ವುಡ್ಸ್ ಹೋಲ್‌ನಲ್ಲಿ ಒಂದು ಕಡಲಜೀವಿ ಸಂಶೋಧನಾಲಯವಿದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರೆಡ್ರಿಕ್ ಬ್ಯಾಂಗ್ ಅಲ್ಲಿ ಲಾಳದೇಡಿಯ ಬೆನ್ನು ಹತ್ತಿದರು. ಕುದುರೆ ಲಾಳದ ಆಕಾರದ ಚಿಪ್ಪು, ಚೂಪು ಬಾಲ, ಹೆಸರಿಗೆ ಏಡಿಯಾದರೂ ಚೇಳು ಜೇಡಗಳ ನೆಂಟ. ಒಡಿಶಾದ ಬಾಲಸೋರ್ ತೀರಕ್ಕೂ ಇದರ ಎರಡು ಜಾತಿ ಮೊಟ್ಟೆಯಿಡಲು ಬರುತ್ತವೆ. ನೆತ್ತರಿನಲ್ಲಿ ಕಬ್ಬಿಣದ ಬದಲು ತಾಮ್ರವಿರುವುದರಿಂದ ಗಾಳಿ ತಾಕಿದರೆ ಅದು ನೀಲಿ. ಬ್ಯಾಂಗ್ ಈ ಪ್ರಾಣಿಗೆ ಕಡಲ ಬ್ಯಾಕ್ಟೀರಿಯಾ ಚುಚ್ಚಿ ಸೋಂಕು ಹೇಗೆ ಹರಡುತ್ತದೆಂದು ನೋಡಹೊರಟರು. ಕೆಲವು ಪ್ರಾಣಿಗಳ ಮೈಯೊಳಗಿನ ನೆತ್ತರೆಲ್ಲ ಗಡ್ಡೆಕಟ್ಟಿಬಿಟ್ಟಿತು. ಬೇಯಿಸಿ ಕೊಂದ ಬ್ಯಾಕ್ಟೀರಿಯಾ ಚುಚ್ಚಿದರೂ ಅದೇ ಗತಿ. 1956ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮುಂದೆ 1960ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದ ಹೊಣೆಯನ್ನೂ ಹೊತ್ತವರು ಇದೇ ಬ್ಯಾಂಗ್.

ಅವರ ಜೊತೆ ಸೇರಿದ ರಕ್ತತಜ್ಞ ಜಾಕ್ ಲೆವಿನ್ ಇದರ ಗುಟ್ಟು ಹಿಡಿದರು. ಏಡಿಯ ನೆತ್ತರಿನಲ್ಲಿರುವುದು ಹೆಚ್ಚೂಕಡಿಮೆ ಒಂದೇ ಬಗೆಯ ಕಣ. ಹೆಪ್ಪುಗಟ್ಟಿಸುವ ಸಾಮಗ್ರಿಯೆಲ್ಲ ಆ ಕಣದೊಳಗೇ ಪೊಟ್ಟಣ ಕಟ್ಟಿ ಇಟ್ಟಂತಿದೆ. ಎಂಡೋಟಾಕ್ಸಿನ್ನಿನ ಸುಳಿವು ಸಿಕ್ಕಿದ್ದೇ ಕಣ ಒಡೆದು, ಬ್ಯಾಕ್ಟೀರಿಯಾದ ಸುತ್ತ ಲೋಳೆ ಗಟ್ಟಿಯಾಗಿ, ಅದನ್ನು ಸಿಕ್ಕಿದಲ್ಲೇ ಕೂಡಿಹಾಕುತ್ತದೆ. ಏಡಿಗೆ ನಮ್ಮಂತೆ ಪ್ರತಿಕಾಯಗಳಿಲ್ಲ. ಹೆಪ್ಪುಗಟ್ಟಿಸುವುದೇ ಅದರ ಸೈನ್ಯ. ಚಿಪ್ಪಿಗೆ ಆದ ಗಾಯದಲ್ಲಿ ಇದು ನಡೆದರೆ ಏಡಿ ಬದುಕುತ್ತದೆ. ಬ್ಯಾಕ್ಟೀರಿಯಾ ಮೈಯೆಲ್ಲ ಹರಡಿದಾಗ ನಡೆದರೆ ಅದೇ ಸೈನ್ಯ ಏಡಿಯನ್ನು ಕೊಲ್ಲುತ್ತದೆ. ಲೆವಿನ್ ಮತ್ತು ಬ್ಯಾಂಗ್ ಈ ಕಣಗಳನ್ನು ಒಡೆದು ತೆಗೆದ ರಸವೇ ಇಂದು ಚುಚ್ಚುಮದ್ದಿನ ಶುದ್ಧತೆ ನೋಡುವ ಪರೀಕ್ಷೆ. ಮೊದಲು ಸಲೈನಿನ ಪ್ರತಿ ಬ್ಯಾಚನ್ನೂ ಮೊಲಕ್ಕೆ ಚುಚ್ಚಿ ಜ್ವರ ಬರುತ್ತದೆಯೇ ಎಂದು ಕಾಯುತ್ತಿದ್ದರು. 1970ರ ದಶಕದ ಕೊನೆಯಿಂದ ಏಡಿಯ ರಸ ಆ ಕೆಲಸ ವಹಿಸಿಕೊಂಡಿತು. ಮೊಲಗಳು ಬಚಾವಾದವು, ಏಡಿಗಳ ಪಾಡು ಮಾತ್ರ ಹೇಳತೀರದು.

ಬ್ಯಾಂಗ್ ಏಡಿಯಲ್ಲಿ ಕಂಡದ್ದನ್ನು ಆಗಲೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಮುಂದಿನ ಐವತ್ತು ವರ್ಷಗಳ ಚಿಕಿತ್ಸೆಯ ದಾರಿ ಬೇರೆಯಾಗುತ್ತಿತ್ತೇನೋ ಎಂದು ನನಗೆ ಅನಿಸಿದ್ದಿದೆ. ಹಾಗಾಗಲಿಲ್ಲ. 1965ರಲ್ಲಿ ಡೊನಾಲ್ಡ್ ಮೆಕೇ ಡಿಐಸಿ ಬಗ್ಗೆಯೇ ಒಂದು ಪುಸ್ತಕ ಬರೆದು, ಇದು ಸ್ವತಂತ್ರ ಕಾಯಿಲೆಯಲ್ಲ, ಹತ್ತಾರು ಕಾಯಿಲೆಗಳು ಹಾದುಹೋಗುವ ಒಂದೇ ಇಕ್ಕಟ್ಟಿನ ದಾರಿ ಎಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಸರಿ. ಆದರೆ ಅದರಿಂದ ಹೊರಟ ತರ್ಕ ಇದು: ಹೆಪ್ಪು ಶತ್ರು, ಆದ್ದರಿಂದ ಹೆಪ್ಪನ್ನು ತಡೆ. ರಕ್ತ ಸೋರುತ್ತಿರುವ ರೋಗಿಗೇ ಹೆಪಾರಿನ್ ಕೊಡುವ ಧೈರ್ಯವೂ ಆಗ ಬಂತು. ಕಾಗದದ ಮೇಲೆ ಎಷ್ಟು ಸರಿಯೋ, ಮಂಚದ ಮೇಲೆ ಅಷ್ಟು ಫಲ ಕೊಡಲಿಲ್ಲ.

ನಾನು ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದದ್ದು ಗಾಜಿನ ನಳಿಕೆ, 37 ಡಿಗ್ರಿಯ ನೀರಿನ ತೊಟ್ಟಿ ಮತ್ತು ಗೋಡೆ ಗಡಿಯಾರ. ಬಾಸ್ಟನ್ನಿನ ಲೀ ಮತ್ತು ವೈಟ್ 1913ರಲ್ಲಿ ಬರೆದಿಟ್ಟ ವಿಧಾನ. (ಈ ವೈಟ್ ಮುಂದೆ ಐಸೆನ್‌ಹೋವರ್ ಅವರ ಹೃದಯ ವೈದ್ಯರಾಗಿ ಲೋಕಪ್ರಸಿದ್ಧರಾದರು, ನಮಗೆ ಅವರು ಕೊನೆವರೆಗೂ ನಳಿಕೆಯ ವೈಟ್.) ನಳಿಕೆಯನ್ನು ಆಗಾಗ ಓರೆಮಾಡಿ ನೋಡಬೇಕು. ಕುಲುಕಿದಿರೋ ಕೆಟ್ಟಿತು. ಆರೋಗ್ಯವಂತನ ನೆತ್ತರು ಹತ್ತು ನಿಮಿಷದ ಆಸುಪಾಸಿನಲ್ಲಿ ನಳಿಕೆ ತಲೆಕೆಳಗು ಮಾಡಿದರೂ ಬೀಳದಂತೆ ಕೂರುತ್ತದೆ. ಡಿಐಸಿ ರೋಗಿಯದ್ದು ಕೂತಂತೆ ಮಾಡಿ, ಸಣ್ಣ ಚೂರಾಗಿ ಒಡೆದು, ಮತ್ತೆ ನೀರಾಗುತ್ತದೆ. ನಮ್ಮ ಹಿರಿಯ ಟೆಕ್ನೀಷಿಯನ್ ಹೇಳುತ್ತಿದ್ದರು, “ಮೇಡಂ, ಕೂತಿದ್ದು ನೋಡಿ ಎದ್ದು ಹೋಗ್ಬೇಡಿ. ಇನ್ನರ್ಧ ಗಂಟೆ ಬಿಟ್ಟು ಬಂದು ಅದೇ ನಳಿಕೆ ನೋಡಿ.” ಲೀಶ್ಮನ್ ಬಣ್ಣ ಹಾಕಿದ ಗಾಜಿನ ಪಟ್ಟಿಯಲ್ಲಿ ಇನ್ನೊಂದು ಗುರುತು ಸಿಗುತ್ತಿತ್ತು: ಒಡೆದ ಕೆಂಪುಕಣಗಳು. ನಾಳದೊಳಗೆ ಹರಡಿದ ಫೈಬ್ರಿನ್ ಎಳೆಗೆ ಸಿಕ್ಕಿ ಕೊಯ್ದುಕೊಂಡು, ಕೆಲವು ತ್ರಿಕೋನ, ಕೆಲವು ಶಿರಸ್ತ್ರಾಣದಂತೆ. ಪ್ಲೇಟ್‌ಲೆಟ್‌ಗಳಿಗೆ ಹುಡುಕಾಟ.

ಮಂಡ್ಯ ಕಡೆಯ ಕಬ್ಬಿನ ಗದ್ದೆಗಳಿಂದ ಕೊಳಕುಮಂಡಲ ಕಚ್ಚಿದವರು ಬಂದಾಗಲೂ ಇದೇ ನಳಿಕೆ. ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು, ಓರೆಮಾಡಿದಾಗ ಹರಿದರೆ ವಿಷ ಏರಿದೆ ಎಂದು ಲೆಕ್ಕ. ಆ ಹಾವಿನ ವಿಷ ಹೆಪ್ಪುಗಟ್ಟುವ ಸರಪಳಿಯ ನಡುಗೊಂಡಿಯನ್ನು ನೇರವಾಗಿ ಕೆರಳಿಸುತ್ತದೆ. ಪ್ರತಿವಿಷ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ನಳಿಕೆ ಮತ್ತೆ ಕೂರತೊಡಗುತ್ತದೆ. ಸೋಂಕಿನಲ್ಲಿ ಆ ಸುಖವಿಲ್ಲ. ಕೆರಳಿಸುತ್ತಿರುವವರು ನಮ್ಮವರೇ ಆದಾಗ ಪ್ರತಿವಿಷ ಯಾರಿಗೆ ಕೊಡುವುದು?

ಆ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಜಗತ್ತು ನಂಬಿದ ಹತ್ತು ವರ್ಷ ಒಂದಿತ್ತು. ಸ್ವೀಡನ್ನಿನ ಯೋಹಾನ್ ಸ್ಟೆನ್‌ಫ್ಲೋ 1976ರಲ್ಲಿ ಪ್ರೋಟೀನ್ ಸಿ ಬೇರ್ಪಡಿಸಿದ್ದರು. ನೆತ್ತರು ಅತಿಯಾಗಿ ಹೆಪ್ಪುಗಟ್ಟದಂತೆ ಮೈ ತಾನೇ ಇಟ್ಟುಕೊಂಡ ಬ್ರೇಕು ಅದು. ತೀವ್ರ ಸೋಂಕಿನಲ್ಲಿ ಈ ಬ್ರೇಕು ಸವೆದುಹೋಗುತ್ತದೆ. ಒಕ್ಲಹೋಮಾದಲ್ಲಿ ಫ್ಲೆಚರ್ ಟೇಲರ್ ಮತ್ತು ಚಾರ್ಲ್ಸ್ ಎಸ್ಮನ್ ಬಳಗ ಇ. ಕೋಲಿ ಚುಚ್ಚಿದ ಬಬೂನ್ ಕೋತಿಗಳಿಗೆ ಚುರುಕುಗೊಳಿಸಿದ ಪ್ರೋಟೀನ್ ಸಿ ಕೊಟ್ಟು ಬದುಕಿಸಿ 1987ರಲ್ಲಿ ತೋರಿಸಿತು. ಎಲೈ ಲಿಲ್ಲಿ ಕಂಪನಿ ಅದನ್ನು ಕ್ಸಿಗ್ರಿಸ್ ಎಂಬ ಔಷಧಿ ಮಾಡಿತು. 2001ರಲ್ಲಿ ಪ್ರಕಟವಾದ, 1690 ರೋಗಿಗಳ ಪ್ರಯೋಗದಲ್ಲಿ ಸಾವು ನೂರಕ್ಕೆ 30.8ರಿಂದ 24.7ಕ್ಕೆ ಇಳಿದಿತ್ತು. ಅಮೆರಿಕದ ಔಷಧ ಇಲಾಖೆಯ ಸಲಹಾ ಸಮಿತಿ 10–10 ಎಂದು ಸರಿಯರ್ಧ ಒಡೆಯಿತು. ಆದರೂ ಆ ವರ್ಷದ ನವೆಂಬರಿನಲ್ಲಿ ಪರವಾನಗಿ ಸಿಕ್ಕಿತು. ಒಬ್ಬ ರೋಗಿಯ ಚಿಕಿತ್ಸೆಗೆ ಸುಮಾರು 7000 ಡಾಲರ್.

ನಮ್ಮ ಸಮ್ಮೇಳನಗಳಲ್ಲೂ ಆಗ ಇದೇ ಮಾತು. ಊಟದ ಸಾಲಿನಲ್ಲಿ ನಿಂತು ಕೇಳಿಸಿಕೊಂಡದ್ದು ನೆನಪಿದೆ: ಇಂಥದ್ದು ಕೊಡದೆ ರೋಗಿಯನ್ನು ಬಿಟ್ಟರೆ ಅಪರಾಧ ಎಂಬ ಧಾಟಿ. ಆ ದುಡ್ಡಿನಲ್ಲಿ ನಮ್ಮ ವಾರ್ಡಿಗೆ ಎಷ್ಟು ವರ್ಷದ ಆಂಟಿಬಯಾಟಿಕ್ ಬರುತ್ತದೆಂದು ಯಾರೂ ಲೆಕ್ಕ ಹಾಕಲಿಲ್ಲ. ಯುರೋಪಿನ ಇಲಾಖೆ ಇನ್ನೊಮ್ಮೆ ಪರೀಕ್ಷಿಸಿ ಎಂದು ಪಟ್ಟುಹಿಡಿಯಿತು. ಆ ಪರೀಕ್ಷೆಯಲ್ಲಿ ಔಷಧಿ ಪಡೆದವರಲ್ಲಿ ಸತ್ತವರು ನೂರಕ್ಕೆ 26.4, ಪಡೆಯದವರಲ್ಲಿ 24.2. 2011ರ ಅಕ್ಟೋಬರಿನಲ್ಲಿ ಕಂಪನಿ ಔಷಧಿಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಇನ್ನೊಂದು ಬ್ರೇಕಾದ ಆಂಟಿಥ್ರಾಂಬಿನ್ 2001ರಲ್ಲೇ 2314 ರೋಗಿಗಳ ಪ್ರಯೋಗದಲ್ಲಿ ಸೋತಿತ್ತು.

ಏಕೆ ಸೋತವು ಎಂಬುದಕ್ಕೆ ಒಂದು ಸುಳಿವು ಬಂದದ್ದು ಬರ್ಲಿನ್ನಿನ ಒಂದು ಪ್ರಯೋಗಾಲಯದಿಂದ. 2004ರಲ್ಲಿ ಆರ್ಟುರೊ ಜಿಕ್ಲಿನ್ಸ್ಕಿ ಬಳಗ, ನಮ್ಮ ಬಿಳಿರಕ್ತಕಣಗಳು ತಮ್ಮ ಡಿಎನ್‌ಎಯನ್ನೇ ಹೊರಗೆ ಎಸೆದು ಬಲೆಯಾಗಿಸಿ ಬ್ಯಾಕ್ಟೀರಿಯಾ ಹಿಡಿಯುತ್ತವೆ ಎಂದು ತೋರಿಸಿತು. ಆ ಬಲೆಯ ಮೇಲೆ ಹೆಪ್ಪು ಕಟ್ಟುತ್ತದೆ, ಹೆಪ್ಪಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿಬೀಳುತ್ತದೆ. 2013ರಲ್ಲಿ ಜರ್ಮನಿಯ ಎಂಗೆಲ್ಮನ್ ಮತ್ತು ಮಾಸ್‌ಬರ್ಗ್, ಸಣ್ಣ ನಾಳಗಳಲ್ಲಿ ಆಗುವ ಈ ಹೆಪ್ಪು ರಕ್ಷಣೆಯ ಕೆಲಸವೂ ಹೌದು ಎಂದು ವಾದಿಸಿದರು. ಅಂದರೆ ಮಿನ್ನೆಸೋಟದ ಮೊಲಗಳೂ ವುಡ್ಸ್ ಹೋಲಿನ ಏಡಿಗಳೂ ಅರ್ಧ ಶತಮಾನದ ಹಿಂದೆ ಹೇಳಿದ್ದನ್ನೇ ಇವರು ಮನುಷ್ಯನ ಕಣದಲ್ಲಿ ಓದಿದರು. ಹೆಪ್ಪನ್ನು ಪೂರ್ತಿ ತಡೆದರೆ ಕಾವಲು ತೆಗೆದ ಹಾಗೆ. ತಡೆಯದೇ ಬಿಟ್ಟರೆ ಕಾವಲುಗಾರನೇ ಮನೆ ಸುಡುತ್ತಾನೆ. ಯಾವ ಗಂಟೆಯಲ್ಲಿ ಒಂದು ಇನ್ನೊಂದಾಗುತ್ತದೆ ಎಂದು ಹೇಳುವ ಪರೀಕ್ಷೆ ನಮ್ಮ ವಿಭಾಗದಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಇರುವುದು ಒಂದು ಅಂಕಪಟ್ಟಿ. ಬಬೂನ್ ಪ್ರಯೋಗದ ಅದೇ ಟೇಲರ್ ಮುಂದಾಳುತನದಲ್ಲಿ 2001ರಲ್ಲಿ ಬಂದದ್ದು: ಪ್ಲೇಟ್‌ಲೆಟ್, ಪ್ರೋಥ್ರಾಂಬಿನ್ ಸಮಯ, ಫೈಬ್ರಿನೋಜೆನ್, ಹೆಪ್ಪು ಕರಗಿದಾಗ ಉಳಿಯುವ ಚೂರಾದ ಡಿ-ಡೈಮರ್‌ನಂಥ ಒಂದು ಗುರುತು, ಒಟ್ಟು ಐದು ಅಂಕ ಅಥವಾ ಅದಕ್ಕೂ ಹೆಚ್ಚು ಬಂದರೆ ಡಿಐಸಿ. ಇದಕ್ಕೆ ರಕ್ತ ತೆಗೆಯುವ ನೀಲಿ ಮುಚ್ಚಳದ ನಳಿಕೆಯಲ್ಲಿ ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೀಳಬೇಕು, ಗೆರೆ ಮುಟ್ಟಬೇಕು. ಅರ್ಧ ತುಂಬಿ ಕಳಿಸಿದರೆ ಆರೋಗ್ಯವಂತನ ನೆತ್ತರೂ ಹೆಪ್ಪುಗಟ್ಟದಂತೆ ತೋರುತ್ತದೆ. ರಾತ್ರಿ ಪಾಳಿಯ ಹುಡುಗರಿಗೆ ಇದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದ್ದೇ ಬಂತು. 2020ರಲ್ಲಿ ಕೋವಿಡ್ ಬಂದು ಡಿ-ಡೈಮರ್ ಎಂಬ ಹೆಸರು ಹಾಲಿನ ಬೂತಿನ ಮುಂದೆಯೂ ಕೇಳಿಬರತೊಡಗಿದಾಗ, ನಿವೃತ್ತಳಾಗಿ ಮನೆಯಲ್ಲಿದ್ದ ನನ್ನ ಬಳಿಗೂ ನೆರೆಯವರು ವರದಿ ಹಿಡಿದು ಬಂದರು. ಅದು ವೈರಸ್ ಸೋಂಕು, ನಾನು ಹೇಳುತ್ತಿರುವುದು ಬ್ಯಾಕ್ಟೀರಿಯಾದ್ದು. ಆದರೂ ನಾಳದೊಳಗಿನ ಜಗಳಕ್ಕೆ ಹೋಲಿಕೆಯಿತ್ತು.

ಚಿಕಿತ್ಸೆಯಲ್ಲಿ ಈಗ ಉಳಿದಿರುವುದು ಹಳೆಯ ಮಾತೇ: ಆಂಟಿಬಯಾಟಿಕ್ ತಡಮಾಡಬೇಡ, ಕೀವು ಎಲ್ಲಿದೆ ಹುಡುಕಿ ತೆಗೆ, ರಕ್ತ ಸೋರುತ್ತಿದ್ದರೆ ಮಾತ್ರ ಪ್ಲಾಸ್ಮಾ ಪ್ಲೇಟ್‌ಲೆಟ್ ಕೊಡು. ಜಪಾನಿನ ವೈದ್ಯರು ಮಾತ್ರ ಒಪ್ಪಿಲ್ಲ. ಅಲ್ಲಿ 2008ರಿಂದ ಥ್ರಾಂಬೊಮಾಡ್ಯುಲಿನ್ ಎಂಬ ಇನ್ನೊಂದು ಬ್ರೇಕನ್ನು ಡಿಐಸಿಗೆ ಬಳಸುತ್ತಿದ್ದಾರೆ. ಹಲವು ದೇಶಗಳ 816 ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದಾಗ ಸಾವು ನೂರಕ್ಕೆ 29.4ರಿಂದ 26.8ಕ್ಕೆ ಇಳಿದಿತ್ತು, ಸಂಖ್ಯಾಶಾಸ್ತ್ರದ ಪ್ರಕಾರ ಅದು ಲೆಕ್ಕಕ್ಕೆ ಬಾರದ ಇಳಿಕೆ. ಔಷಧಿ ಕೊಡುವ ಹೊತ್ತಿಗೆ ಕೆಲವರ ನೆತ್ತರಿನ ಪರೀಕ್ಷೆ ಆಗಲೇ ಸುಧಾರಿಸಿತ್ತು, ಅಂಥವರನ್ನು ಬಿಟ್ಟು ಎಣಿಸಿದರೆ ವ್ಯತ್ಯಾಸ ಹೆಚ್ಚು ಎಂಬ ವಾದವಿದೆ. ಟೋಕಿಯೋದಲ್ಲಿ ಡಿಐಸಿ ರೋಗಿಗೆ ಆ ಔಷಧಿ ಸಿಗುತ್ತದೆ, ಮೈಸೂರಿನಲ್ಲಿ ಸಿಗುವುದಿಲ್ಲ. ಇಬ್ಬರು ವೈದ್ಯರೂ ಓದಿರುವುದು ಒಂದೇ ಪತ್ರಿಕೆ.