ಒಬ್ಬ ಉಮೇದುವಾರರ ತಾತ್ಪರ್ಯನಿರ್ಣಯ

ಅಧಿಕಾರವನ್ನು ಬೇಡಿ ಜನರೆದುರಿಗೆ ನಿಂತವನ ಮನಸ್ಸನ್ನು ಅರಿಯುವುದು ಹೇಗೆ? ಗೆದ್ದವನಾದರೆ ಅವನ ಆಳ್ವಿಕೆಯೇ ಉತ್ತರವನ್ನು ಕೊಡುವುದು. ಸೋತವನನ್ನಾದರೋ ಲೋಕವು ವಿಚಾರದ ಗೋಜಿಗೇ ಹೋಗದೆ ಮರೆತುಬಿಡುವುದು. 1940ನೆಯ ಇಸವಿಯಲ್ಲಿ ಅಮೇರಿಕಾ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಪದವಿಗೆ ರಿಪಬ್ಲಿಕನ್ ಪಕ್ಷದಿಂದ ನಿಂತು ಸೋತ ವೆಂಡೆಲ್ ವಿಲ್ಕಿಯವರು ಅಂಥವರಲ್ಲಿ ಒಬ್ಬರು. ಅವರ ಉದ್ದೇಶವೇನು, ಗೆಲ್ಲುವ ಸಂಭವವೆಷ್ಟು, ಗೆದ್ದಿದ್ದರೆ ಅವರ ಪರರಾಷ್ಟ್ರನೀತಿ ಎಂತಹುದಾಗುತ್ತಿದ್ದಿತು ಎಂಬ ಮೂರು ಪ್ರಶ್ನೆಗಳನ್ನು ಒಂದರೊಡನೊಂದು ಬೆರಸದೆ ತೂಗಿ ನೋಡೋಣ.

ಮೊದಲು ಪೂರ್ವಪಕ್ಷ. ವಿಲ್ಕಿಯವರು ವಕೀಲರು, ದೊಡ್ಡದೊಂದು ವಿದ್ಯುಚ್ಛಕ್ತಿ ಕಂಪೆನಿಯ ಅಧ್ಯಕ್ಷರು. 1933ರಲ್ಲಿ ರೂಸ್‌ವೆಲ್ಟರ ಸರ್ಕಾರವು ಟೆನೆಸೀ ನದಿಯ ಕಣಿವೆಯಲ್ಲಿ ತಾನೇ ವಿದ್ಯುತ್ತನ್ನು ಉತ್ಪಾದಿಸಿ ಮಾರಲು ತೊಡಗಿತು. ವಿಲ್ಕಿಯವರು ವರ್ಷಗಟ್ಟಲೆ ಹೋರಾಡಿ, ಕಡೆಗೆ 1939ರಲ್ಲಿ ತಮ್ಮ ಟೆನೆಸೀ ಕಂಪೆನಿಯನ್ನು 7 ಕೋಟಿ 86 ಲಕ್ಷ ಡಾಲರುಗಳಿಗೆ ಸರ್ಕಾರದ ವಶಕ್ಕೆ ಬಿಟ್ಟುಕೊಟ್ಟರು. ಆ ವರ್ಷದವರೆಗೂ ಅವರು ರೂಸ್‌ವೆಲ್ಟರ ಡೆಮೊಕ್ರಾಟಿಕ್ ಪಕ್ಷದವರೇ. ಧನಿಕರ ಹಗೆತನವೇ ಪಕ್ಷವನ್ನು ಬದಲಾಯಿಸಿ ಬಂದಿದೆಯೆಂದು ವಿರೋಧಿಗಳು ಆಡಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಗೆಲುವಿನ ಸಂಭವ. 1936ರ ಚುನಾವಣೆಯಲ್ಲಿ ರಿಪಬ್ಲಿಕನ್ನರಿಗೆ ದಕ್ಕಿದ್ದು ಎರಡೇ ಸಂಸ್ಥಾನಗಳು. 1940ರ ಜೂನ್ ತಿಂಗಳಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಅವರ ಸಮ್ಮೇಳನವು ಸೇರುವ ಹೊತ್ತಿಗೆ ಫ್ರಾನ್ಸ್ ದೇಶವು ಹಿಟ್ಲರನಿಗೆ ಶರಣಾಗಿದ್ದಿತು. ಯೂರೋಪಿನ ಗೊಡವೆಯೇ ಬೇಡವೆನ್ನುವವರ ಮಾತು ಮಂಕಾಯಿತು. ಡ್ಯೂಯಿ, ಟಾಫ್ಟ್ ಮೊದಲಾದ ಹಳೆಯ ಹುರಿಯಾಳುಗಳನ್ನು ಹಿಂದಿಕ್ಕಿ ಆರನೆಯ ಸುತ್ತಿನಲ್ಲಿ ವಿಲ್ಕಿಯವರು ಆಯ್ಕೆಯಾದರು. ನವೆಂಬರಿನಲ್ಲಿ ಅವರಿಗೆ 2 ಕೋಟಿ 23 ಲಕ್ಷ, ರೂಸ್‌ವೆಲ್ಟರಿಗೆ 2 ಕೋಟಿ 73 ಲಕ್ಷ ಮತಗಳು ಬಿದ್ದವು. ವಿಲ್ಕಿಯವರು ಗೆದ್ದ ಸಂಸ್ಥಾನಗಳು ಹತ್ತು. ಸೋಲು ದೊಡ್ಡದೇ, ಆದರೆ ಅವರನ್ನು ನಿಲ್ಲಿಸಿದ್ದು ಅವಿವೇಕವೆನ್ನಲಾಗದು.

ಮೂರನೆಯ ಪ್ರಶ್ನೆಯೇ ಕಠಿನವಾದದ್ದು. ಆಗಸ್ಟಿನಲ್ಲಿ ವಿಲ್ಕಿಯವರು ಕಡ್ಡಾಯ ಸೈನ್ಯಸೇವೆಯನ್ನು ಅನುಮೋದಿಸಿದರು. ಬ್ರಿಟನ್ನಿಗೆ ನೆರವು ಸಲ್ಲಬೇಕೆಂದರು. ಅಕ್ಟೋಬರಿನಲ್ಲಿ ಸೋಲಿನ ಭಯ ಹತ್ತಿರವಾಗಲು ದನಿಯು ಬದಲಾಯಿತು. ರೂಸ್‌ವೆಲ್ಟರು ಮತ್ತೆ ಬಂದರೆ ದೇಶದ ಮಕ್ಕಳು ಬೇಗನೆ ಯುದ್ಧಕ್ಕೆ ಹೋಗಬೇಕಾದೀತೆಂದು ಸಾರಿದರು. ಯಾವ ವಿಲ್ಕಿಯವರನ್ನು ನಂಬತಕ್ಕದ್ದು?

ವಾಕ್ಯಗಳು ಒಂದಕ್ಕೊಂದು ವಿರೋಧವಾಗಿ ಕಂಡಾಗ ಗ್ರಂಥದ ತಾತ್ಪರ್ಯವನ್ನು ನಿಶ್ಚಯಿಸಲು ನಮ್ಮ ಮೀಮಾಂಸಕರು ಉಪಾಯಗಳನ್ನು ಹೇಳಿರುವರು. ಆರಂಭವನ್ನೂ ಮುಕ್ತಾಯವನ್ನೂ ಕೂಡಿಸಿ ನೋಡಬೇಕು, ಅದೇ ಉಪಕ್ರಮೋಪಸಂಹಾರ. ನಡುವೆ ಬರುವ ಸ್ತುತಿನಿಂದೆಗಳು ಅರ್ಥವಾದಗಳು. ಅವು ಸ್ವತಂತ್ರವಾದ ವಿಧಿಗಳಲ್ಲ. ಈ ಅಳತೆಗೋಲನ್ನು ಇಲ್ಲಿಯೂ ಹಿಡಿದು ನೋಡಬಹುದು.

ಉಪಕ್ರಮವು 1924ರದು. ಆಗ ತಮ್ಮ ಪಕ್ಷದ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗಿದ್ದ ವಿಲ್ಕಿಯವರು, ಅಮೇರಿಕವು ರಾಷ್ಟ್ರಸಂಘವನ್ನು ಸೇರಬೇಕೆಂಬ ಪಕ್ಷಕ್ಕಾಗಿ ಶ್ರಮಿಸಿದರು. ಉಪಸಂಹಾರವು ಸೋಲಿನ ಅನಂತರದ್ದು. 1941ರಲ್ಲಿ ಬ್ರಿಟನ್ ಮೊದಲಾದ ದೇಶಗಳಿಗೆ ಯುದ್ಧಸಾಮಗ್ರಿಯನ್ನು ಒದಗಿಸುವ ಮಸೂದೆಯನ್ನು ರೂಸ್‌ವೆಲ್ಟರು ತಂದಾಗ, ತಮ್ಮ ಪಕ್ಷದ ಹಲವು ಮುಖಂಡರು ಎದುರಾದರೂ ವಿಲ್ಕಿಯವರು ಸೆನೆಟ್ಟಿನ ಸಮಿತಿಯ ಮುಂದೆ ಅದರ ಪರವಾಗಿ ನುಡಿದರು. 1942ರಲ್ಲಿ ವಿಮಾನದಲ್ಲಿ ಸುಮಾರು 31,000 ಮೈಲಿ ಸಂಚರಿಸಿ, ಮರುವರ್ಷ ‘ಒನ್ ವರ್ಲ್ಡ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಆ ಸಂಚಾರದಲ್ಲಿ ಅವರು ಭಾರತಕ್ಕೆ ಬರಲಿಲ್ಲ. ಆದರೂ ಭಾರತದ ಸ್ವಾತಂತ್ರ್ಯದ ಪ್ರಶ್ನೆಯು ಪೂರ್ವದೇಶಗಳಲ್ಲೆಲ್ಲ ತಮಗೆ ಎದುರಾಯಿತೆಂದು ಬರೆದು, ಸಾಮ್ರಾಜ್ಯಗಳ ಕಾಲವು ಮುಗಿಯಬೇಕೆಂದು ವಾದಿಸಿದರು. ಇದರ ಫಲವಾಗಿ ಅವರಿಗೆ ದೊರೆತದ್ದೇನು? 1944ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಪ್ರಾಥಮಿಕ ಚುನಾವಣೆಯಲ್ಲಿ ಒಬ್ಬ ಪ್ರತಿನಿಧಿಯೂ ದೊರೆಯದೆ ಕಣದಿಂದ ಹಿಂದೆಗೆದರು. ಅದೇ ಅಕ್ಟೋಬರಿನಲ್ಲಿ 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲಾಭವಿಲ್ಲದೆಡೆಯಲ್ಲಿಯೂ ಬಿಡದೆ ಹಿಡಿದ ಮತವೇ ಅವರ ನಿಜವಾದ ಮತವೆಂದು ಸಿದ್ಧಾಂತಮಾಡಬಹುದು. ಗೆದ್ದಿದ್ದರೂ ಅವರು ಬ್ರಿಟನ್ನಿನ ಕೈಬಿಡುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಆದರೆ ಇಷ್ಟಕ್ಕೇ ಅವರು ನಿರ್ದೋಷಿಗಳಾಗಲಾರರು. ಸೆನೆಟ್ಟಿನ ಸಮಿತಿಯಲ್ಲಿ ಅಕ್ಟೋಬರಿನ ಮಾತುಗಳನ್ನು ಎತ್ತಿ ಕೇಳಿದಾಗ, ಅವು ಚುನಾವಣೆಯ ವಾಗ್ವೈಖರಿಯೆಂದು ಅವರೇ ಒಪ್ಪಿಕೊಂಡರು. ಶಾಸ್ತ್ರದ ಅರ್ಥವಾದದಿಂದ ಯಾರಿಗೂ ಕೇಡಿಲ್ಲ. ಚುನಾವಣೆಯ ಅರ್ಥವಾದವು ಹಾಗಲ್ಲ. ಮಗನನ್ನು ಸೈನ್ಯಕ್ಕೆ ಕಳುಹಬೇಕಾದ ತಾಯಿಯು ಅದನ್ನೇ ವಿಧಿವಾಕ್ಯವೆಂದು ನಂಬುವಳು. ಆ ಮಾತಿನ ಒತ್ತಡಕ್ಕೆ ಸಿಕ್ಕಿ ರೂಸ್‌ವೆಲ್ಟರೂ ನಿಮ್ಮ ಮಕ್ಕಳನ್ನು ಪರದೇಶದ ಯುದ್ಧಗಳಿಗೆ ಕಳುಹೆವೆಂದು ಬಾಸ್ಟನ್ನಿನಲ್ಲಿ ವಚನವಿತ್ತರು. ಮರುವರ್ಷದ ಡಿಸೆಂಬರಿನಲ್ಲಿ ಯುದ್ಧವು ಬಂದೇ ಬಂದಿತು.

ಆದುದರಿಂದ ಉಮೇದುವಾರರನ್ನು ತೂಗತಕ್ಕವರು ಕಡೆಯ ತಿಂಗಳ ಭಾಷಣವೊಂದನ್ನೇ ತಕ್ಕಡಿಯಲ್ಲಿ ಇಡಬಾರದು. ಆತನು ಮೊದಲು ಏನನ್ನು ಹಿಡಿದಿದ್ದನು, ನಷ್ಟವಾದರೂ ಏನನ್ನು ಬಿಡಲಿಲ್ಲ ಎಂಬುದನ್ನು ನೋಡಬೇಕು. ಸೋಲಿನ ಅನಂತರದ ನಡತೆಯನ್ನು ಮತದಾರನು ಮೊದಲೇ ಕಾಣಲಾರನು, ನಿಜ. ಹಿಂದಿನ ನಡತೆಯನ್ನಾದರೂ ಕಾಣಬಲ್ಲನಷ್ಟೆ.