ಸ್ಟೀರಿಂಗ್ ರ‍್ಯಾಕ್ ಬುಷ್: ಗಟ್ಟಿ ಇದ್ದಷ್ಟೂ ಒಳ್ಳೆಯದು ಎಂಬುದು ನಿಜವೇ?

ಕಾರು ಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಆಗಾಗ ಸುತ್ತು ಹೊಡೆಯುತ್ತಿರುತ್ತದೆ. ಕಂಪನಿಯವರು ಹಾಕಿಕೊಡುವ ರಬ್ಬರ್ ಬುಷ್ ಬರೀ ದುಡ್ಡು ಉಳಿಸುವ ತಂತ್ರ, ಅದನ್ನು ಕಿತ್ತು ಕೆಂಪು ಇಲ್ಲವೇ ನೀಲಿ ಬಣ್ಣದ ಪಾಲಿಯುರೆಥೇನ್ ಬುಷ್ ಹಾಕಿಸಿದರೆ ಸ್ಟೀರಿಂಗ್ ರೇಸ್ ಕಾರಿನಂತಾಗುತ್ತದೆ, ಕಟಕಟ ಸದ್ದು ಹೋಗುತ್ತದೆ, ಮತ್ತೆಂದೂ ಬದಲಿಸಬೇಕಾಗಿಲ್ಲ ಎಂಬುದು ಅದರ ಸಾರ. ಸ್ವಿಫ್ಟ್, ಪೋಲೊ ಜಿಟಿ, ಐ20 ಎನ್ ಲೈನ್‌ನಂಥ ಚುರುಕಾದ ಕಾರುಗಳನ್ನು ದಿನವೂ ಓಡಿಸುವವರಿಗೆ ಇದು ಬೇಗ ರುಚಿಸುತ್ತದೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಜೇಬಿಗೆ ಕತ್ತರಿ ಬೀಳುತ್ತದೆ, ಕೆಲವೊಮ್ಮೆ ಜೀವಕ್ಕೇ ಅಪಾಯ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕಾರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಎರಡು ಊರುಗಳ ನಡುವೆ ತೆರಕಣಾಂಬಿ ಮೇಲೆ ಸುಮಾರು 35 ಕಿಲೋಮೀಟರ್ ದಾರಿ. ದಿನವೂ ಹೋಗಿಬರುವವರಿಗೆ ಹಳ್ಳಿಗೊಂದು ಹಂಪ್, ಎದುರಿಗೆ ಬರುವ ಲಾರಿಗೆ ದಾರಿ ಬಿಟ್ಟು ಮಣ್ಣಿಗಿಳಿಯುವುದು ಎಲ್ಲ ಮಾಮೂಲು. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಹೊರಟರೆ ಊಟಿ ಕಡೆಗೂ ವಯನಾಡಿನ ಕಡೆಗೂ ಬಂಡೀಪುರದ ಕಾಡು, ಅಲ್ಲಿ ಪ್ರಾಣಿಗಳಿಗಾಗಿ ಹಾಕಿದ ಹಂಪ್‌ಗಳು. ಕಾಡಿನ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಗೇಟ್ ಮುಚ್ಚುವ ಮೊದಲು ದಾಟಬೇಕೆಂದು ಎಂಟೂವರೆಗೆ ಹಂಪ್‌ಗಳ ಮೇಲೆ ಕಾರು ಹಾರಿಸುವವರನ್ನು ನೋಡಿದ್ದೀರಲ್ಲ, ಬುಷ್ ಸಾಯುವುದು ಅಲ್ಲಿಯೇ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವವರಿಗೆ ದಿಂಬಂ ಘಾಟ್‌ನ 27 ಹೇರ್‌ಪಿನ್ ತಿರುವುಗಳು ಬೇರೆ. ಸ್ಟೀರಿಂಗ್‌ನ ಕೊರತೆ ನೇರ ರಸ್ತೆಯಲ್ಲಿ ಗೊತ್ತಾಗದಿದ್ದರೂ ಅಲ್ಲಿ ಗೊತ್ತಾಗುತ್ತದೆ.

ಬುಷ್ ಎಲ್ಲಿದೆ, ಏನು ಮಾಡುತ್ತದೆ?

ನೀವು ಸ್ಟೀರಿಂಗ್ ತಿರುಗಿಸಿದಾಗ ಅದರ ಕಂಬಿಯ ತುದಿಯಲ್ಲಿರುವ ಚಿಕ್ಕ ಹಲ್ಲುಚಕ್ರ, ಅಂದರೆ ಪಿನಿಯನ್, ತಿರುಗುತ್ತದೆ. ಅದು ಹಲ್ಲುಗಳಿರುವ ಉದ್ದನೆಯ ಸರಳನ್ನು ಎಡಕ್ಕೋ ಬಲಕ್ಕೋ ತಳ್ಳುತ್ತದೆ. ಆ ಸರಳೇ ರ‍್ಯಾಕ್. ಅದರ ಎರಡೂ ತುದಿಗಳಿಂದ ಹೊರಟ ಟೈ ರಾಡ್‌ಗಳು ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ರ‍್ಯಾಕ್ ಇರುವ ಲೋಹದ ಕೊಳವೆಯನ್ನು ಕಾರಿನ ಅಡಿಯ ಚೌಕಟ್ಟಿಗೆ ಬೋಲ್ಟ್ ಮಾಡಿರುತ್ತಾರೆ. ಹಲವು ಕಾರುಗಳಲ್ಲಿ ಕೊಳವೆಗೂ ಚೌಕಟ್ಟಿಗೂ ನಡುವೆ ರಬ್ಬರ್ ಬುಷ್ ಇರುತ್ತದೆ. ಗುಂಡಿಯ ಏಟು ನೇರವಾಗಿ ಕೈಗೆ ಬಡಿಯದಂತೆ ತಡೆಯುವುದು ಅದರ ಕೆಲಸ.

ಗೊಂದಲ ಶುರುವಾಗುವುದೂ ಇಲ್ಲೇ. ಅಂಗಡಿಯಲ್ಲಿ ‘ರ‍್ಯಾಕ್ ಬುಷ್ ಕೊಡಿ’ ಎಂದರೆ ಎರಡು ಬೇರೆ ಬೇರೆ ವಸ್ತುಗಳು ಸಿಗಬಹುದು. ಒಂದು, ಮೇಲೆ ಹೇಳಿದ ಹೊರಗಿನ ರಬ್ಬರ್. ಇನ್ನೊಂದು, ಕೊಳವೆಯ ಒಳಗೆ ಪಿನಿಯನ್‌ಗೆ ದೂರದ ತುದಿಯಲ್ಲಿ ಸರಳಿಗೆ ಆಸರೆಯಾಗಿರುವ ಗಟ್ಟಿ ಪ್ಲಾಸ್ಟಿಕ್ಕಿನ ಬಳೆ. ನಮ್ಮ ಗ್ಯಾರೇಜುಗಳಲ್ಲಿ ‘ರ‍್ಯಾಕ್ ಬುಷ್ ಹೋಗಿದೆ’ ಎಂದಾಗ ಹೆಚ್ಚಾಗಿ ಈ ಒಳಗಿನದನ್ನೇ ಹೇಳುತ್ತಾರೆ. ಅದು ಸವೆದರೆ ಜಲ್ಲಿ ಎದ್ದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಕಟಕಟ ಎನ್ನುತ್ತದೆ, ಆ ನಡುಕ ಸ್ಟೀರಿಂಗ್‌ನಲ್ಲೂ ಸಿಗುತ್ತದೆ. ಹೊರಗೆ ಎಷ್ಟು ದುಬಾರಿಯ ಪಾಲಿ ಬುಷ್ ಹಾಕಿದರೂ ಈ ಸದ್ದು ಹೋಗುವುದಿಲ್ಲ. ಇನ್ನು ಕೆಲವು ಹೊಸ ಕಾರುಗಳಲ್ಲಿ ರ‍್ಯಾಕನ್ನು ನೇರವಾಗಿ ಲೋಹಕ್ಕೇ ಬಿಗಿದಿರುತ್ತಾರೆ, ಹೊರಗಿನ ಬುಷ್ ಇರುವುದೇ ಇಲ್ಲ. ಹಾಗಾಗಿ ಯಾವ ಬುಷ್ ಒಳ್ಳೆಯದು ಎಂದು ಕೇಳುವ ಮೊದಲು ನನ್ನ ಕಾರಿನಲ್ಲಿ ಅದು ಇದೆಯೇ ಎಂದು ಕೇಳಿ.

ಸದ್ದೆಲ್ಲ ರ‍್ಯಾಕಿನದೇ?

ಅಲ್ಲ. ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕಾರಿನ ಮುಂಭಾಗದಿಂದ ಬರುವ ಟಕಟಕ ಸದ್ದಿಗೆ ಲಿಂಕ್ ರಾಡ್, ಸ್ಟೆಬಿಲೈಸರ್ ಬುಷ್, ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಸ್ಟ್ರಟ್ ಮೌಂಟ್, ಸ್ಟೀರಿಂಗ್ ಕಂಬಿಯ ಜಾಯಿಂಟ್ ಹೀಗೆ ಯಾವುದು ಬೇಕಾದರೂ ಕಾರಣವಾಗಿರಬಹುದು. ಲಿಂಕ್ ರಾಡ್ ಸವೆದರೆ ಕಿರಿಕಿರಿ ಅಷ್ಟೆ. ಬಾಲ್ ಜಾಯಿಂಟ್ ಅಥವಾ ಟೈ ರಾಡ್ ಎಂಡ್ ಪೂರ್ತಿ ಸವೆದು ಕಳಚಿಕೊಂಡರೆ ಆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಬುಷ್ ಬದಲಿಸಿ ‘ಸರಿ ಹೋಯಿತು’ ಎಂದುಕೊಂಡು ನಿಜವಾದ ರೋಗವನ್ನು ಹಾಗೇ ಬಿಟ್ಟು ದಿಂಬಂ ಇಳಿಯುವುದೇ ದೊಡ್ಡ ಅಪಾಯ.

ಹೊರಗಿನ ಬುಷ್ ಪರೀಕ್ಷೆ ಸುಲಭ, ಇಬ್ಬರು ಬೇಕು. ಕಾರು ಸಮತಟ್ಟಾದ ಕಡೆ ನಿಂತಿರಲಿ, ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಂಜಿನ್ ಆನ್. ಒಬ್ಬರು ಕೂತು ಸ್ಟೀರಿಂಗನ್ನು ಎಡಬಲ ಒಂದೆರಡು ಇಂಚು ಬೇಗಬೇಗ ಆಡಿಸಲಿ. ಇನ್ನೊಬ್ಬರು ಟಾರ್ಚ್ ಹಾಕಿ ಬಾನೆಟ್ ಕಡೆಯಿಂದಲೋ ಗ್ಯಾರೇಜಿನ ಗುಂಡಿಯಿಂದಲೋ ರ‍್ಯಾಕಿನ ಕೊಳವೆಯನ್ನು ನೋಡಲಿ. ಕಾರಿನ ಕೆಳಗೆ ಮಲಗುವುದು ಬೇಡ. ಕೊಳವೆ ತುಸು ಅಲುಗಿದರೆ ಅದು ರಬ್ಬರಿನ ಸಹಜ ಗುಣ. ಕೊಳವೆಯೇ ಪಕ್ಕಕ್ಕೆ ಕಣ್ಣಿಗೆ ಕಾಣುವಂತೆ ಸರಿದು, ಚಕ್ರ ಆಮೇಲೆ ತಿರುಗಿದರೆ ಬುಷ್ ಹೋಗಿದೆ. ರಬ್ಬರ್ ಬಿರಿದಿದ್ದರೆ, ಎಣ್ಣೆ ಕುಡಿದು ಉಬ್ಬಿದ್ದರೆ ಹೇಳುವುದೇ ಬೇಡ.

ಉಳಿದವಕ್ಕೆ ಚಕ್ರ ಎತ್ತಬೇಕು. ಬರೀ ಜಾಕ್ ಸಾಲದು, ಸ್ಟ್ಯಾಂಡ್ ಕೊಡಲೇಬೇಕು. ಗಡಿಯಾರದ 3 ಮತ್ತು 9 ಗಂಟೆ ಇರುವ ಕಡೆ ಚಕ್ರ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕರೆ ಟೈ ರಾಡ್ ಅಥವಾ ರ‍್ಯಾಕಿನ ಕಡೆ ಸಂಶಯಪಡಿ. 12 ಮತ್ತು 6ರ ಕಡೆ ಹಿಡಿದಾಗ ಸಿಕ್ಕರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ನೋಡಿಸಿ.

ಇನ್ನೊಂದು ಕೈಚಳಕದ ಬಗ್ಗೆ ಎಚ್ಚರವಿರಲಿ. ರ‍್ಯಾಕಿನ ಹಿಂಬದಿಯಲ್ಲಿ ಸರಳನ್ನು ಪಿನಿಯನ್‌ಗೆ ಒತ್ತಿ ಹಿಡಿಯುವ ಒಂದು ಅಡ್ಜಸ್ಟರ್ ಇರುತ್ತದೆ. ಅದನ್ನು ಬಿಗಿಮಾಡಿದರೆ ಕೆಲವೊಮ್ಮೆ ಸದ್ದು ನಿಲ್ಲುತ್ತದೆ, ಐದು ನಿಮಿಷದ ಕೆಲಸ, ಗಿರಾಕಿ ಖುಷಿ. ಹೆಚ್ಚು ಬಿಗಿದರೆ ಮಾತ್ರ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಇಂಥ ಕೆಲಸದ ನಂತರ ಸ್ಟೀರಿಂಗ್ ಭಾರ ಎನಿಸಿದರೆ ಅಥವಾ ತಿರುವಿನಲ್ಲೇ ಸಿಕ್ಕಿಕೊಂಡಂತೆ ನಿಂತರೆ ಹಾಗೇ ಓಡಿಸಬೇಡಿ, ಅಲ್ಲಿಂದಲೇ ಹಿಂದಿರುಗಿ.

ರಬ್ಬರ್ ಬರೀ ದುಡ್ಡು ಉಳಿಸುವ ತಂತ್ರವೇ?

ರಬ್ಬರನ್ನು ಆರಿಸಿದ್ದಕ್ಕೆ ಕಾರಣವಿದೆ. ಕಾರು ವೇಗವಾಗಿ ತಿರುಗುವಾಗ ಟೈರಿನ ಮೇಲೆ ಬೀಳುವ ಅಡ್ಡ ಒತ್ತಡ ರ‍್ಯಾಕನ್ನೂ ಪಕ್ಕಕ್ಕೆ ನೂಕುತ್ತದೆ. ಹಲವು ಕಾರುಗಳಲ್ಲಿ ಆಗ ಬುಷ್ ಒಂದಿಷ್ಟು ಅಮುಕಿಕೊಂಡು ಮುಂದಿನ ಚಕ್ರಗಳು ಕೂದಲೆಳೆಯಷ್ಟು ಕಡಿಮೆ ತಿರುಗುವಂತೆ ಬೇಕೆಂದೇ ವಿನ್ಯಾಸ ಮಾಡಿರುತ್ತಾರೆ. ಗಾಬರಿಯಲ್ಲಿ ಸ್ಟೀರಿಂಗ್ ಎಳೆದರೂ ಕಾರು ಥಟ್ಟನೆ ಅಡ್ಡ ಹಾಯಬಾರದು ಎಂಬುದು ಉದ್ದೇಶ. ಗಟ್ಟಿ ಬುಷ್ ಈ ಸಣ್ಣ ಕ್ಷಮೆಯನ್ನು ತೆಗೆದುಹಾಕುತ್ತದೆ. ಸ್ಟೀರಿಂಗ್ ಚುರುಕಾಗುತ್ತದೆ, ನಡುವಿನ ಸಡಿಲ ಕಡಿಮೆಯಾಗುತ್ತದೆ. ಫಾರ್ವರ್ಡ್‌ನಲ್ಲಿ ನಿಜವಿರುವ ಅರ್ಧ ಇದೇ. ಜೊತೆಗೆ ಗುಂಡಿಯ ಏಟು, ರಸ್ತೆಯ ನಡುಕವೂ ಕೈಗೆ ಬರುತ್ತವೆ.

ಎಷ್ಟು ಗಟ್ಟಿ ಎಂಬುದನ್ನು ‘ಶೋರ್ ಎ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಪೆನ್ಸಿಲ್ ಒರೆಸುವ ರಬ್ಬರ್ ಸುಮಾರು 40, ಕಾರಿನ ಟೈರಿನ ಮೇಲ್ಮೈ 60ರಿಂದ 70, ಬೂಟಿನ ಹಿಮ್ಮಡಿ 80ರ ಹತ್ತಿರ. ಕಂಪನಿಯ ರಬ್ಬರ್ ಬುಷ್‌ಗಳು ಸಾಮಾನ್ಯವಾಗಿ 50ರಿಂದ 65ರ ಸುತ್ತ ಇರುತ್ತವೆ, ಪಾಲಿ ಬುಷ್‌ಗಳು 70ರಿಂದ 95ರವರೆಗೆ. ಈ ಅಂಕಿಗಳನ್ನು ಪರೀಕ್ಷೆಯ ಮಾರ್ಕ್ಸ್ ಥರ ಓದಬಾರದು. 60ರಿಂದ 80ಕ್ಕೆ ಹೋದರೆ ವಸ್ತುವಿನ ಬಿಗಿತ ಸುಮಾರು ಎರಡೂವರೆ ಪಟ್ಟಾಗುತ್ತದೆ, 90ಕ್ಕೆ ಹೋದರೆ ಐದಾರು ಪಟ್ಟು. ‘ಸ್ವಲ್ಪ ಗಟ್ಟಿ’ ಎಂದು ಅಂಗಡಿಯವರು ಕೊಟ್ಟದ್ದು ನಿಜಕ್ಕೂ ಎಷ್ಟು ಗಟ್ಟಿ ಎಂದು ಕೇಳುವುದು ಅದಕ್ಕೇ. ಬಣ್ಣ ನೋಡಿ ತೀರ್ಮಾನಿಸಬೇಡಿ. ಒಂದು ಬ್ರ್ಯಾಂಡಿನ ಕೆಂಪು ಇನ್ನೊಂದರ ಕೆಂಪಿಗೆ ಸಮವಲ್ಲ.

ಪಾಲಿ ಬುಷ್ ಜೀವನಪೂರ್ತಿ ಬಾಳುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಎಣ್ಣೆ, ಗ್ರೀಸ್‌ಗಳನ್ನು ಅದು ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ, ಸರಿ. ಆದರೆ ಪಾಲಿಯುರೆಥೇನ್‌ನಲ್ಲೂ ಬಗೆಗಳಿವೆ. ಪಾಲಿಯೆಸ್ಟರ್ ಆಧಾರಿತ ಬಗೆ ತೇವ ಮತ್ತು ಬಿಸಿ ಸೇರಿದ ಕಡೆ ನಿಧಾನವಾಗಿ ಶಿಥಿಲವಾಗುತ್ತದೆ, ಪಾಲಿಈಥರ್ ಆಧಾರಿತ ಬಗೆ ನೀರಿಗೆ ಹೆಚ್ಚು ತಾಳುತ್ತದೆ. ಮುಂಗಾರಿನಲ್ಲಿ ವಯನಾಡಿನ ಕಡೆ ಓಡಾಡುವ ಕಾರಿಗೆ ಇದು ಸಣ್ಣ ವಿಷಯವಲ್ಲ. ಅಳತೆ ಸರಿ ಇಲ್ಲದ, ಗ್ರೀಸ್ ಇಲ್ಲದೆ ಕೂರಿಸಿದ ಪಾಲಿ ಬುಷ್ ಕಿರ್ರೆನ್ನುವುದೂ ಉಂಟು.

ಹಾಗಾದರೆ ಯಾವುದನ್ನು ಹಾಕಿಸಬೇಕು?

ವಾರಕ್ಕೆ ಆರು ದಿನ ಚಾಮರಾಜನಗರ–ಗುಂಡ್ಲುಪೇಟೆ ಓಡಾಡಿ, ತಿಂಗಳಿಗೊಮ್ಮೆ ಘಾಟ್‌ನಲ್ಲಿ ಖುಷಿಪಡುವ ಕಾರಿಗೆ ಕಂಪನಿಯ ಹೊಸ ರಬ್ಬರ್ ಬುಷ್ಷೇ ಸರಿ. ‘ಪಾಲಿ ಹಾಕಿಸಿದೆ, ಕಾರು ಬೇರೆಯೇ ಆಯಿತು’ ಎನ್ನುವವರು ಹೋಲಿಸುತ್ತಿರುವುದು ಲಕ್ಷ ಕಿಲೋಮೀಟರ್ ಓಡಿ ಸತ್ತ ರಬ್ಬರಿಗೆ ಹೊಸ ಪಾಲಿಯನ್ನು. ಹೊಸ ರಬ್ಬರ್ ಹಾಕಿಸಿದ್ದರೂ ಆ ವ್ಯತ್ಯಾಸದ ಬಹುಪಾಲು ಸಿಗುತ್ತಿತ್ತು.

ಅದನ್ನು ಹಾಕಿಸಿದ ಮೇಲೂ ಚುರುಕು ಸಾಲದು ಎನಿಸಿದರೆ, ಟೈರ್ ಮತ್ತು ಅದರ ಗಾಳಿ ಸರಿ ಇದ್ದರೆ, 70ರಿಂದ 80ರೊಳಗಿನ ಪಾಲಿ ಬುಷ್ ಯೋಚಿಸಬಹುದು. ರ‍್ಯಾಕ್ ಬುಷ್ ಕಾರಿನ ಭಾರ ಹೊರುವುದಿಲ್ಲ, ಹಾಗಾಗಿ ಅದನ್ನು ಗಟ್ಟಿ ಮಾಡಿದರೆ ಸೀಟಿನಲ್ಲಿ ಕೂತವರ ಸೊಂಟಕ್ಕೆ ಹೆಚ್ಚು ತೊಂದರೆಯಾಗದು, ವ್ಯತ್ಯಾಸ ಕೈಗೆ ಮಾತ್ರ. ಲೋವರ್ ಆರ್ಮ್‌ಗೆ ಪಾಲಿ ಹಾಕಿಸುವುದಕ್ಕೂ ಇದಕ್ಕೂ ಅಷ್ಟು ಅಂತರವಿದೆ. 90 ದಾಟಿದವು ಮತ್ತು ಅಲ್ಯೂಮಿನಿಯಂ ಬುಷ್‌ಗಳು ರೇಸ್ ಟ್ರ್ಯಾಕಿನವರಿಗೆ. ಅವರು ಎರಡು ರೇಸಿಗೊಮ್ಮೆ ಕಾರಿನ ಅಡಿ ಬಿಚ್ಚಿ ನೋಡುತ್ತಾರೆ, ನೀವು ನೋಡುವುದಿಲ್ಲ. ಹಳೆ ಟೈರ್ ಕೊಯ್ದು ಮಾಡಿದ ಬುಷ್ ಯಾವ ಕಾರಿಗೂ ಬೇಡ.

ಒಳಗಿನ ಪ್ಲಾಸ್ಟಿಕ್ ಬುಷ್ ಸವೆದಿದ್ದರೆ ಲೆಕ್ಕವೇ ಬೇರೆ. ಅದನ್ನು ಮಾತ್ರ ಬದಲಿಸಿದರೆ ಹೋಗುವುದು ರ‍್ಯಾಕ್ ಬಿಚ್ಚಿ ಕೂರಿಸುವ ಕೂಲಿ ಮತ್ತು ಸಣ್ಣ ಬೆಲೆಯ ಬುಷ್. ಪೂರ್ತಿ ರ‍್ಯಾಕ್ ಎಂದರೆ ಅದರ ಹಲವು ಪಟ್ಟು. ಸರಳಿಗೆ ತುಕ್ಕು ಹಿಡಿದಿದ್ದರೆ, ಹಲ್ಲು ಸವೆದಿದ್ದರೆ, ಹೈಡ್ರಾಲಿಕ್ ರ‍್ಯಾಕಿನಲ್ಲಿ ಆಯಿಲ್ ಸೋರುತ್ತಿದ್ದರೆ ಪೂರ್ತಿ ಬದಲಿಸುವುದು ಅಥವಾ ರಿಪೇರಿ ಕಿಟ್ ಹಾಕಿಸುವುದು ನ್ಯಾಯ. ಹಾಗೇನೂ ಇಲ್ಲದೆ ಅಸೆಂಬ್ಲಿ ಬದಲಿಸಿ ಎಂದರೆ ಇನ್ನೊಂದು ಕಡೆ ತೋರಿಸಿ. ಯಾವುದನ್ನೇ ಕೊಳ್ಳುವಾಗಲೂ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಒಂದೇ ಹೆಸರಿನ ಕಾರಿನಲ್ಲೂ ಪೆಟ್ರೋಲ್, ಡೀಸೆಲ್, ವರ್ಷಕ್ಕೆ ತಕ್ಕಂತೆ ಬುಷ್ ಬದಲಾಗಬಹುದು.

ಡೀಸೆಲ್ ಸ್ಪ್ರೇ ಮತ್ತು ಇತರ ಮನೆಮದ್ದು

ವಾಟರ್ ವಾಶ್ ಮಾಡಿಸಿದ ಮೇಲೆ ತುಕ್ಕು ಹಿಡಿಯಬಾರದೆಂದು ಕಾರಿನ ಅಡಿಗೆ ಡೀಸೆಲ್ ಅಥವಾ ಹಳೆ ಎಂಜಿನ್ ಆಯಿಲ್ ಹೊಡೆಯುವ ರೂಢಿ ಇನ್ನೂ ಇದೆ. ಎರಡು ದಿನ ಸದ್ದು ಕಡಿಮೆಯಾಗುವುದರಿಂದ ಒಳ್ಳೆಯದೇ ಆಯಿತು ಎನಿಸುತ್ತದೆ. ಆದರೆ ನೈಸರ್ಗಿಕ ರಬ್ಬರ್ ಖನಿಜ ತೈಲ ಕುಡಿದು ಉಬ್ಬುತ್ತದೆ, ಮೆತ್ತಗಾಗುತ್ತದೆ, ಬಲ ಕಳೆದುಕೊಳ್ಳುತ್ತದೆ. ಹೊಸ ಬುಷ್ ಹಾಕಿಸಿದವರು ಸರ್ವಿಸ್ ಸ್ಟೇಷನ್‌ನಲ್ಲಿ ‘ಡೀಸೆಲ್ ಹೊಡೆಯಬೇಡಿ’ ಎಂದು ಮೊದಲೇ ಹೇಳಿ. ಕೀರಲು ನಿಲ್ಲಿಸಲೇಬೇಕೆಂದಿದ್ದರೆ ಸಿಲಿಕೋನ್ ಸ್ಪ್ರೇ ರಬ್ಬರಿಗೆ ಹಾನಿ ಮಾಡದು.

ಕೂರಿಸುವಾಗ

ಎರಡೂ ಕಡೆಯ ಬುಷ್ ಒಟ್ಟಿಗೇ ಬದಲಾಗಲಿ. ರ‍್ಯಾಕ್ ಇಳಿಸಲು ಸ್ಟೀರಿಂಗ್ ಕಂಬಿಯ ಜಾಯಿಂಟ್ ಬಿಚ್ಚಬೇಕಾದರೆ, ಅದಕ್ಕೂ ಮೊದಲೇ ಸ್ಟೀರಿಂಗ್ ಚಕ್ರವನ್ನು ನೇರಕ್ಕೆ ತಂದು ಅಲುಗದಂತೆ ಕಟ್ಟಿರಬೇಕು. ಅದು ಸುಮ್ಮನೆ ಗಿರ್ರನೆ ತಿರುಗಿದರೆ ಒಳಗಿನ ಸುರುಳಿ ತಂತಿ ಹರಿದು ಏರ್‌ಬ್ಯಾಗ್ ದೀಪ ಹತ್ತುತ್ತದೆ, ಹಾರ್ನ್ ನಿಲ್ಲುತ್ತದೆ. ಬೋಲ್ಟ್‌ಗಳನ್ನು ತೋಳ್ಬಲದ ಅಂದಾಜಿನಲ್ಲಲ್ಲ, ಟಾರ್ಕ್ ರೆಂಚ್‌ನಲ್ಲಿ ಮ್ಯಾನುಯಲ್ ಹೇಳಿದಷ್ಟೇ ಬಿಗಿಯಬೇಕು. ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕಾದ ಬೋಲ್ಟ್‌ಗಳೂ ಕೆಲವು ಕಾರುಗಳಲ್ಲಿವೆ. ಆಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು, ಏಕೆಂದರೆ ರ‍್ಯಾಕ್ ಒಂದೆರಡು ಮಿಲಿಮೀಟರ್ ಸರಿದು ಕೂತರೂ ಸ್ಟೀರಿಂಗ್ ಸೊಟ್ಟಗಾಗುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಕೋನ ಅಳೆಯುವ ಸೆನ್ಸರನ್ನೂ ಸ್ಕ್ಯಾನರ್ ಹಾಕಿ ಶೂನ್ಯಕ್ಕೆ ತರಬೇಕಾಗುತ್ತದೆ.

ಬಿಲ್ ಕೊಡುವ ಮುನ್ನ ಹಳೆ ಬುಷ್ ಕೇಳಿ ಪಡೆಯಿರಿ. ಬಿರಿದು, ಅಂಡಾಕಾರವಾಗಿ, ಒಂದು ಬದಿ ತೆಳ್ಳಗಾಗಿದ್ದರೆ ಕೆಲಸ ಸರಿಯಾದ ಕಡೆಯೇ ಆಗಿದೆ. ಗುಂಡಗೆ, ಬಿರುಕಿಲ್ಲದೆ, ಅಮುಕಿದರೆ ಪುಟಿಯುವಂತಿದ್ದರೆ ನಿಮ್ಮ ಸದ್ದು ಬೇರೆಲ್ಲಿಂದಲೋ ಬರುತ್ತಿದೆ, ಘಾಟ್ ಹತ್ತುವ ಮೊದಲು ಬಾಲ್ ಜಾಯಿಂಟ್ ಮತ್ತು ಟೈ ರಾಡ್ ಎಂಡ್ ನೋಡಿಸಿ.